ಹಾಲು ಬಿಟ್ಟ ಹರಕೆ

ಐವತ್ತಮೂರು ವರ್ಷ ದಿನಕ್ಕೆ ಮೂರು ಹೊತ್ತು ಉಂಡವನಿಗೆ ತಾನು ಉಣ್ಣುತ್ತಿರುವುದು ಏನೆಂದು ಗೊತ್ತಿರಬೇಕು. ನನಗೆ ಗೊತ್ತಿರಲಿಲ್ಲ. ಅದನ್ನು ಕಲಿಸಲು ಪೋಲೆಂಡಿನಿಂದ ಒಬ್ಬ ಹುಡುಗಿ ಬರಬೇಕಾಯಿತು, ಅದೂ ಅತಿ ಅಗ್ಗದ ಟಿಕೆಟ್ಟಿನಲ್ಲಿ.

ಅವಳ ಹೆಸರು ಮಾರ್ತಾ. ಅರಸೀಕೆರೆಗೆ ಬರುವ ರೈಲಿನಲ್ಲಿ ನನ್ನೆದುರು ಕೂತು ಬಾಳೆಹಣ್ಣಿನ ಜೊತೆ ಕಡಲೆಕಾಯಿ ತಿನ್ನುತ್ತಿದ್ದಳು. ಒಂದು ವಾರದಿಂದ ಅದೇ ಊಟವಂತೆ. ಮಾಂಸ ಮೊಟ್ಟೆ ಹಾಗಿರಲಿ, ಹಾಲು, ಮೊಸರು, ಬೆಣ್ಣೆ, ತುಪ್ಪವನ್ನೂ ಮುಟ್ಟದ ವೀಗನ್ ಪಂಗಡದವಳು. ದೊಡ್ಡ ಹೋಟೆಲುಗಳಲ್ಲಿ ಅಂಥವರಿಗೆಂದೇ ಬೇರೆ ಅಡುಗೆ ಇದೆಯಂತೆ, ಆದರೆ ಅಲ್ಲಿಗೆ ಹೋಗುವಷ್ಟು ಇವಳ ಪರ್ಸು ದಪ್ಪವಿರಲಿಲ್ಲ. ನಾನೋ ಸಮಾಜ ಪಾಠದ ಮೇಷ್ಟ್ರು, ಕೇಳದಿದ್ದರೂ ಉತ್ತರ ಹೇಳುವ ಚಾಳಿ. 'ನಮ್ಮದು ತೆಂಗಿನ ಸೀಮೆಯಮ್ಮ, ನಮ್ಮ ಊಟವೆಲ್ಲ ಕಾಳು, ಸೊಪ್ಪು, ರಾಗಿ. ನಾಳೆ ಭಾನುವಾರ, ನಾನೇ ಬೇಲೂರು ಹಳೇಬೀಡು ತೋರಿಸುತ್ತೇನೆ. ಒಂದು ತೊಟ್ಟು ಹಾಲು ನಿನ್ನ ಹೊಟ್ಟೆಗೆ ಹೋಗದ ಹಾಗೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ' ಎಂದು ಮಾತು ಕೊಟ್ಟುಬಿಟ್ಟೆ. ಆ ಹುಡುಗಿ ನಂಬಿದಳು. ಪಾಪ, ನನ್ನ ವಿದ್ಯಾರ್ಥಿಗಳು ಯಾರೂ ಹಾಗೆ ನಂಬುವುದಿಲ್ಲ.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲೇ ಪೆಟ್ಟು ಬಿತ್ತು. ಇಡ್ಲಿ ಬಂತು, ಅದರ ನೆತ್ತಿಯ ಮೇಲೆ ತುಪ್ಪ. ಉಪ್ಪಿಟ್ಟಿಗೂ ತುಪ್ಪ. ಚಟ್ನಿಯೊಂದಾದರೂ ತೆಂಗಿನಕಾಯಿಯದಲ್ಲವೇ ಅಂದರೆ, 'ಸ್ವಲ್ಪ ಮೊಸರು ಬೆರೆಸಿದೀವಿ ಸಾರ್, ಹುಳಿ ಇರ್ಲಿ ಅಂತ' ಎಂದ ಹೋಟೆಲಿನವನು. ತುಪ್ಪವಿಲ್ಲದ ಇಡ್ಲಿ ಕೇಳಿದಾಗ ಅವನು ನನ್ನನ್ನು ನೋಡಿದ ರೀತಿಗೆ, ಇವನು ಪರದೇಶದವಳ ಮುಂದೆ ನಮ್ಮೂರ ಮಾನ ತೆಗೆಯಲು ಬಂದವನು ಎಂಬ ಅರ್ಥವಿತ್ತು.

ಹಳೇಬೀಡಿನ ದೇವಸ್ಥಾನದಲ್ಲಿ ನಾನು ಶಿಲ್ಪದ ಬಗ್ಗೆ ಬಹಳ ಹೇಳಿದೆ. ಅವಳು ಗೋಡೆಯ ತೀರ ಕೆಳಗಿನ ಆನೆಗಳ ಸಾಲನ್ನೇ ನೋಡುತ್ತಿದ್ದಳು. ಸಿಂಹ, ಕುದುರೆ, ದೇವರು, ದಿಂಡರು ಎಲ್ಲರೂ ಮೇಲೆ, ಎಲ್ಲರ ಭಾರ ಹೊತ್ತ ಆನೆ ಕೆಳಗೆ. 'ನೋಡಿ, ಅಷ್ಟೂ ಗುಡಿ ನಿಂತಿರುವುದು ಸೊಪ್ಪು ತಿನ್ನುವವರ ಮೇಲೆ' ಎಂದಳು. ಮೂವತ್ತು ವರ್ಷದಿಂದ ಮಕ್ಕಳನ್ನು ಪ್ರವಾಸ ಕರೆತರುತ್ತಿದ್ದೇನೆ, ನನಗೆ ಹೊಳೆದಿರಲಿಲ್ಲ. ಆನೆ ಮರಿಯಾಗಿದ್ದಾಗ ಹಾಲು ಕುಡಿದಿತ್ತು ಎಂದು ವಾದಿಸೋಣವೆಂದುಕೊಂಡೆ. ಬೆಳಗಿನ ಇಡ್ಲಿ ನೆನಪಾಗಿ ಆ ಆಸೆ ಬಿಟ್ಟೆ.

ಬೇಲೂರು ತಲುಪುವಾಗ ಅವಳ ಮುಖ ಬಾಡಿತ್ತು. ಪ್ರವಾಸಕ್ಕೆ ಬಂದಾಗಲೆಲ್ಲ ನಾವು ಉಣ್ಣುವ ಸಣ್ಣ ಹೋಟೆಲೊಂದು ಅಲ್ಲಿದೆ. ಮಾಲೀಕರಿಗೆ ಒಂದೊಂದೇ ಬಿಡಿಸಿ ಹೇಳಿದೆ: ಹಾಲು ಬೇಡ, ಮೊಸರು ಬೇಡ, ಬೆಣ್ಣೆ ಬೇಡ, ತುಪ್ಪ ಬೇಡ.

'ಆಯ್ತು ಮೇಷ್ಟ್ರೇ. ಮಜ್ಜಿಗೆ ಕೊಡ್ಲಾ?'

'ಮಜ್ಜಿಗೆ ಹಾಲಿಂದಲ್ವೇನ್ರೀ?'

'ಅಯ್ಯೋ, ಅದು ಬರೀ ನೀರು.' ಹಾಗೆನ್ನುತ್ತಲೇ ಸಾರು ತಂದಿಟ್ಟರು. ಮೇಲೆ ತುಪ್ಪ ತೇಲುತ್ತಿತ್ತು. 'ಅದು ಒಗ್ಗರಣೇದು, ಲೆಕ್ಕಕ್ಕಿಲ್ಲ ಬಿಡಿ.'

ಅವರದೇನೂ ತಪ್ಪಿಲ್ಲ. ನಮ್ಮ ಕಡೆ ಎಲೆಯ ಮುಂದೆ ಕೂತವರು 'ಬೇಡ' ಅಂದರೆ ಇನ್ನೊಂದು ಸೌಟು ಹಾಕಿ ಎಂದೇ ಅರ್ಥ. ಬೇಡವೆಂದವರಿಗೆ ನಿಜವಾಗಿ ಹಾಕದೆ ಹೋದರೆ ಮೂರು ತಲೆಮಾರು ಮಾತಾಡಿಕೊಳ್ಳುತ್ತಾರೆ. ಮನುಷ್ಯರ 'ಬೇಡ'ಕ್ಕೆ ಇಲ್ಲಿ ಬೆಲೆಯಿಲ್ಲ. ಹಾಗಾದರೆ ಯಾರ 'ಬೇಡ'ಕ್ಕೆ ಇದೆ ಎಂದು ಯೋಚಿಸುತ್ತಿರುವಾಗಲೇ ನನ್ನ ಬಾಯಿ ತಾನಾಗಿ ಆಡಿಬಿಟ್ಟಿತು: 'ಆ ಹುಡುಗಿ ಮಾಲೇಕಲ್ಲು ತಿಮ್ಮಪ್ಪನಿಗೆ ಹರಕೆ ಹೊತ್ತಿದ್ದಾಳೆ.'

ಮಾಲೀಕರು ಸಾರಿನ ಬಟ್ಟಲನ್ನು ಥಟ್ಟನೆ ಹಿಂದಕ್ಕೆಳೆದುಕೊಂಡರು. 'ಮೊದ್ಲೇ ಹೇಳ್ಬಾರ್ದೇನ್ರೀ' ಎಂದು ನನ್ನನ್ನೇ ಗದರಿ, ಕೈ ತೊಳೆದು, ಬಾಣಲೆ ತಿಕ್ಕಿಸಿ, ಎಣ್ಣೆಯ ಒಗ್ಗರಣೆ ಹಾಕಿಸಿ, ತಾವೇ ನಿಂತು ಬಡಿಸಿದರು. ಏನಕ್ಕೆ ಹರಕೆ ಎಂದು ಕೇಳಿದಾಗ 'ಮದುವೆಗೆ' ಎಂದೆ. ಸುಳ್ಳು ಹೇಳುವಾಗ ದೊಡ್ಡದೇ ಇರಲಿ. ಮಾರ್ತಾ ಮೂರು ಸಲ ಅನ್ನ ಹಾಕಿಸಿಕೊಂಡಳು.

ಒಮ್ಮೆ ಕೆಲಸ ಮಾಡಿದ ಸುಳ್ಳನ್ನು ಬಿಡಲು ಯಾರಿಗೆ ಮನಸ್ಸು ಬರುತ್ತದೆ? ಬರುವಾಗ ಮಾದಿಹಳ್ಳಿಯಲ್ಲಿರುವ ನನ್ನ ಸೋದರತ್ತೆ ನಂಜಮ್ಮನ ಮನೆಯಲ್ಲೂ ಅದನ್ನೇ ಹೇಳಿದೆ. ಎರಡು ಸೀಮೆಹಸು ಕಟ್ಟಿ ಡೈರಿಗೆ ಹಾಲು ಹಾಕುವ ಅತ್ತೆ, ಬಂದವರಿಗೆ ಲೋಟದ ತುಂಬ ಹಾಲು ಕುಡಿಸದೆ ಕಳಿಸಿದವಳಲ್ಲ. ಹರಕೆ ಎಂದ ಕೂಡಲೇ ತಂದ ಲೋಟವನ್ನು ಒಳಗಿಟ್ಟು, ಮುದ್ದೆ ಹುರುಳಿ ಸಾರು ಇಕ್ಕಿದಳು. ಹೊರಡುವಾಗ ಮಾರ್ತಾಳ ಹಣೆಗೆ ಕುಂಕುಮವಿಟ್ಟು 'ಬೇಗ ಒಳ್ಳೆ ಗಂಡು ಸಿಗ್ಲಿ ಮಗಾ' ಎಂದಳು. ಮಾರ್ತಾ ಅದನ್ನು ಅಡುಗೆಯ ಹೆಸರೆಂದುಕೊಂಡಳೋ ಏನೋ, ತುಂಬ ರುಚಿಯಾಗಿದೆ ಎಂದು ಕೈಮುಗಿದಳು.

ಕೊಟ್ಟ ಮಾತು ಉಳಿಯಿತಲ್ಲ ಎಂದು ಬೀಗಿದ್ದು ಮೂರೇ ತಿಂಗಳು. ಮತ್ತೆ ಮಾದಿಹಳ್ಳಿಗೆ ಹೋದಾಗ ಅತ್ತೆ ನನಗೆ ಹಾಲಿನ ಕಾಫಿ ಕೊಟ್ಟು, ತಾನು ಕರಿ ಕಾಫಿ ಹಿಡಿದು ಮುಖ ಕಿವುಚಿಕೊಂಡು ಕುಡಿಯುತ್ತಿದ್ದಳು. ಹಾಲಿಲ್ಲದ ಕಾಫಿಯನ್ನು ಕಷಾಯವೆಂದು ಚೆಲ್ಲುತ್ತಿದ್ದ ಹೆಂಗಸು ಅವಳು. ಯಾಕೆಂದು ಕೇಳಿದೆ.

'ಆ ಹುಡುಗೀಗೆ ಮದುವೆ ಆಗೋತಂಕ ನಾನೂ ಹಾಲು ಮುಟ್ಟಲ್ಲ ಅಂತ ತಿಮ್ಮಪ್ಪಂಗೆ ಹೇಳ್ಕಂಡಿವ್ನಿ.'

ನಾಚಿಕೆಯಿಂದ ನೆಲ ನೋಡಿಕೊಂಡು ಎಲ್ಲ ಒಪ್ಪಿಕೊಂಡೆ: ಹರಕೆಯೂ ಇಲ್ಲ, ಮದುವೆಯೂ ಇಲ್ಲ, ಎಲ್ಲ ನನ್ನ ಕಿತಾಪತಿ.

'ಗೊತ್ತು ಕಣ್ಲಾ' ಎಂದಳು ಅತ್ತೆ. 'ಸುಳ್ಳು ಹೇಳೋವಾಗ ನೀನು ಚಿಕ್ಕೋನಾಗಿದ್ದಾಗಿಂದ್ಲೂ ಸೂರು ನೋಡ್ತೀಯ. ಅವತ್ತೂ ನೋಡ್ದೆ.'

'ಮತ್ತೆ ಯಾಕತ್ತೆ ಹಾಲು ಬಿಟ್ಟೆ?'

'ದೇವ್ರ ಹೆಸ್ರು ಹೇಳ್ಬುಟ್ಯಲ್ಲ. ಹೇಳಿದ್ ಮ್ಯಾಲೆ ಯಾರಾದ್ರೂ ಹೊರಬೇಕಲ್ವಾ? ನೀನಂತೂ ಹೊರೋ ಪೈಕಿ ಅಲ್ಲ.'

ಇಷ್ಟು ವರ್ಷ ಮಕ್ಕಳಿಗೆ ಸತ್ಯದ ಮೇಲೆ ಪಾಠ ಹೇಳಿದ ಮೇಷ್ಟ್ರು ನಾನು. ಕೈಯಲ್ಲಿದ್ದ ಲೋಟವನ್ನು ಅವಳ ಮುಂದಿಟ್ಟು, 'ಇವತ್ತಿಂದ ನಾನು ಹೊರ್ತೀನತ್ತೆ, ನೀನು ಹಾಲು ಕುಡಿ' ಎಂದೆ. ಬೇಡ ಎನ್ನುತ್ತಾಳೆಂದುಕೊಂಡಿದ್ದೆ. ಅತ್ತೆ ತಕ್ಷಣ ಲೋಟ ಅದಲು ಬದಲು ಮಾಡಿಕೊಂಡಳು.

ಮಾರ್ತಾಳಿಗೆ ಫೋನಿನಲ್ಲಿ ಸಂದೇಶ ಬರೆದು, ಕ್ಷೇಮ ಸಮಾಚಾರದ ನಡುವೆ ಮದುವೆಯ ವಿಚಾರವನ್ನೂ ಮೆಲ್ಲಗೆ ವಿಚಾರಿಸಿದೆ. ತನಗೆ ಮದುವೆಯಲ್ಲಿ ನಂಬಿಕೆಯೇ ಇಲ್ಲ, ಎರಡು ಬೆಕ್ಕು ಸಾಕಿದ್ದೇನೆ, ಸುಖವಾಗಿದ್ದೇನೆ ಎಂದು ಉತ್ತರ ಬಂತು. ಬೆಕ್ಕುಗಳು ಮಾತ್ರ ಹಾಲು ಕುಡಿಯುತ್ತವಂತೆ.

ಹೋದ ವಾರ ಹೆಂಡತಿಯೊಡನೆ ಬೇಲೂರಿಗೆ ಹೋಗಿ ಅದೇ ಹೋಟೆಲಿನಲ್ಲಿ ಕೂತೆ. ಹಾಲು ಬೇಡ, ಮೊಸರು ಬೇಡ, ಬೆಣ್ಣೆ ಬೇಡ, ತುಪ್ಪ ಬೇಡ ಎಂದೆ.

'ನಿಮ್ದೂ ಹರಕೆನಾ ಮೇಷ್ಟ್ರೇ? ಏನಕ್ಕೆ?'

ಇನ್ನು ದೇವರ ವಿಷಯದಲ್ಲಿ ಸುಳ್ಳು ಹೇಳಬಾರದೆಂದು ನಿಶ್ಚಯಿಸಿದ್ದೆನಲ್ಲ. 'ಮದುವೆಗೆ' ಎಂದೆ.

ಅವರು ನನ್ನ ನರೆಗೂದಲನ್ನೊಮ್ಮೆ, ಪಕ್ಕದಲ್ಲಿದ್ದವಳನ್ನೊಮ್ಮೆ ನೋಡಿದರು. ಕೈ ತೊಳೆದು, ಬಾಣಲೆ ತಿಕ್ಕಿಸಲು ಹೇಳಿ, ಬಹಳ ಮರ್ಯಾದೆಯಿಂದ ನನ್ನ ಹೆಂಡತಿಯ ಕಡೆ ತಿರುಗಿದರು.

'ನಿಮಗೆ ತುಪ್ಪ ಹಾಕ್ಲಾ ತಾಯಿ?'

'ಅವರ ಪಾಲಿಂದೂ ಸೇರಿಸಿ ಹಾಕಿ' ಎಂದಳು.