ಹಿಟ್ಟಿನ ಕೈಯ ಫೋಟೋ

ಶಾಲೆಯಲ್ಲಿ ಹಾಜರಿ ಕರೆಯುತ್ತಿದ್ದೆ. ಒಂದು ಹೆಸರಿನ ಹತ್ತಿರ ನಾಲಗೆ ನಿಂತಿತು. ಹೆಸರು ಕಣ್ಣೆದುರಿಗೇ ಇತ್ತು, ಹುಡುಗಿಯೂ ಎದ್ದು ನಿಂತಿದ್ದಳು. ನನ್ನ ಬಾಯಿಂದ ಬಂದದ್ದು ಮಾತಲ್ಲ, ಬರೀ ದನಿ. ಬಲಗೈಯಿಂದ ಪೆನ್ನು ಜಾರಿತು.

ಸ್ಟ್ರೋಕ್.

ರಾಯಚೂರಿನ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ನೋಡಿದ ಡಾಕ್ಟರು ನನ್ನ ಗಂಡನಿಗೆ ಹೇಳಿದ್ದು ನನಗೂ ಕೇಳಿಸಿತು. "ಜೀವಕ್ಕ ಭಯ ಇಲ್ರಿ. ಮಾತಿನ ಭಾಗಕ್ಕ ಪೆಟ್ಟಾಗೇದ. ಅವರಿಗೆ ಎಲ್ಲಾ ತಿಳೀತದ, ಹೇಳಾಕ ಬರಂಗಿಲ್ಲ. ಸ್ಪೀಚ್ ಥೆರಪಿ ಮಾಡಿಸ್ರಿ. ಮನ್ಯಾಗ ಹಳೇ ಫೋಟೋ ತೋರಿಸಿ ಮಾತಾಡಿಸ್ರಿ."

ವರ್ಷಗಟ್ಟಲೆ ಕನ್ನಡ ಪಾಠ ಮಾಡಿದವಳು ನೀರು ಬೇಕೆಂದರೆ ಲೋಟ ತೋರಿಸಬೇಕಾಯಿತು. ನೋಡಲು ಬಂದವರು ಕಿವುಡರೊಡನೆ ಮಾತಾಡುವಂತೆ ಜೋರಾಗಿ ಮಾತಾಡುತ್ತಿದ್ದರು. ನಾನು ಗೋಡೆಯ ಕಡೆ ಹೊರಳುತ್ತಿದ್ದೆ.

ಮಾನ್ವಿಯಿಂದ ಅಕ್ಕ ಬಂದಳು. ಜೊತೆಗೆ ಒಂದು ಡಿಜಿಟಲ್ ಫೋಟೋ ಫ್ರೇಮು, ತವರಿನ ಫೋಟೋಗಳಿದ್ದ ಬಿಸ್ಕತ್ತಿನ ಡಬ್ಬಿ. ಮಧ್ಯಾಹ್ನ ಹಾಸಿಗೆಯ ಮೇಲೆ ಫೋಟೋ ಹರಡಿಕೊಂಡು, ಚೆಂದ ಇದ್ದವನ್ನು ಮೊಬೈಲಿನಲ್ಲಿ ತೆಗೆದು ಫ್ರೇಮಿಗೆ ಹಾಕುತ್ತಿದ್ದಳು. ದೇವದುರ್ಗದ ನಮ್ಮ ಮನೆ, ಅಂಗಳದ ಬೇವಿನ ಗಿಡ, ಎರಡು ಜಡೆಯ ನಾವಿಬ್ಬರು, ಕವಿತಾಳದ ಬಸ್ಸಿಗೆ ಕಾಯುತ್ತಾ ಟ್ರಂಕಿನ ಮೇಲೆ ಕೂತ ಅಪ್ಪ. ಪ್ರತಿಯೊಂದಕ್ಕೂ "ಇದು ಯಾರು, ಹೇಳು?" ಎನ್ನುವಳು. ನಾನು ಬಾಯಿ ತೆರೆದು ಮುಚ್ಚುವೆ. ಆ ಅಂಗಳದ ಬಿಸಿಲು ಅಂಗಾಲಿಗೆ ತಾಕುತ್ತಿತ್ತು, ಬೇವಿನ ಹೂವಿನ ವಾಸನೆ ಮೂಗಿಗೆ ಬರುತ್ತಿತ್ತು, ಹೆಸರೊಂದೇ ಬರುತ್ತಿರಲಿಲ್ಲ.

ಒಂದು ಫೋಟೋವನ್ನು ಅಕ್ಕ ಬದಿಗಿಟ್ಟಳು. ಈಗ ಇಲ್ಲದ ನಮ್ಮವ್ವ ಅದರಲ್ಲಿ ಒಲೆಯ ಮುಂದೆ ಕೂತಿದ್ದಾಳೆ. ರೊಟ್ಟಿ ಬಡಿಯುತ್ತಿದ್ದವಳು ಕ್ಯಾಮೆರಾ ಕಂಡು ಹಿಟ್ಟಿನ ಕೈಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದಾಳೆ.

"ಮಾರಿನೇ ಕಾಣವಲ್ದು. ಬ್ಯಾಡ ಬಿಡು ಇದು."

ನಾನು ಎಡಗೈಯಿಂದ ಅದನ್ನು ಕಸಿದುಕೊಂಡೆ. ಎದೆಯೊಳಗಿಂದ ಏನೋ ನುಗ್ಗಿ ಬಂತು.

"ಸರೀರೇ ಅತ್ತಾಗ, ರೊಟ್ಟಿ ಹೊತ್ತತಾವ!"

ಒಲೆಯ ಹತ್ತಿರ ಬಂದ ನಮ್ಮಿಬ್ಬರನ್ನು ಅತ್ತ ಸರಿಯಿರೆಂದು ಗದರುತ್ತಿದ್ದ ಅವ್ವನ ಮಾತು. ಅವಳದೇ ಧಾಟಿ.

ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ಇಬ್ಬರೂ ನಗತೊಡಗಿದೆವು. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ರೂಢಿಯಾಗಿ ಕೂತ ಮಾತು ಹಾಗೆ ತಾನಾಗಿ ಬರುವುದುಂಟು, ಅಷ್ಟಕ್ಕೇ ಎಲ್ಲ ಸರಿಹೋಯಿತೆಂದಲ್ಲ ಎಂದು ಥೆರಪಿಸ್ಟ್ ಹೇಳಿದರು. ನಿಜ. ಮರುದಿನ ಕೇಳಿದರೆ "ನೀರು" ಎನ್ನಲೂ ಬರಲಿಲ್ಲ. ಆದರೆ ಮಾತು ಒಳಗೆಲ್ಲೋ ಇದೆ ಎಂಬುದು ನನಗೆ ಗೊತ್ತಾಗಿತ್ತು. ಅಕ್ಕ ಆ ಫೋಟೋವನ್ನು ಫ್ರೇಮಿನಲ್ಲಿ ಮೊದಲಿಗೆ ಹಾಕಿದಳು.

ಈಗ ಸಣ್ಣ ವಾಕ್ಯಗಳು ಬರುತ್ತವೆ. ಇದನ್ನೂ ತಡವರಿಸುತ್ತಲೇ ಹೇಳುತ್ತಿದ್ದೇನೆ, ನನ್ನ ಗಂಡ ಬರೆದುಕೊಳ್ಳುತ್ತಿದ್ದಾರೆ. ಸಿಗದ ಪದವನ್ನು ಅವರೇ ಹುಡುಕಿ ಕೊಡುತ್ತಾರೆ. ಸಂಬಂಧದ ಹೆಸರುಗಳು ಮಾತ್ರ ಅದಲುಬದಲಾಗುತ್ತವೆ. ಸಂಜೆ ಮಾನ್ವಿಗೆ ಫೋನ್ ಮಾಡಿದಾಗ "ಅಕ್ಕಾ" ಎನ್ನಲು ಹೋಗಿ "ಅವ್ವಾ" ಎಂದುಬಿಡುತ್ತೇನೆ. ಮೊದಮೊದಲು ಅಕ್ಕ ತಿದ್ದುತ್ತಿದ್ದಳು.

ಈಗ "ಹೂಂ, ಹೇಳವಾ" ಎನ್ನುತ್ತಾಳೆ.