ಒಂದನೇ ಬ್ಲೋವರ್ ಹಸಿರಾಗಿತ್ತು

ಗುಂಡ್ಲುಪೇಟೆಯ ಹೊರಗೆ ಚೆಂಡುಹೂ ಒಣಗಿಸುವ ಕಾರ್ಖಾನೆಯೊಂದರಲ್ಲಿ ನಾನು ಮೂರು ವರ್ಷ ಕಂಪ್ಯೂಟರ್ ಪರದೆ ನೋಡುವ ಕೆಲಸ ಮಾಡಿದೆ. ಭೀಮನಬೀಡು ಕಡೆಯಿಂದ ಲಾರಿಗಳಲ್ಲಿ ಬಂದ ಹೂವನ್ನು ಗುಂಡಿಗೆ ತುಂಬಿ ಹುಳಿ ಬರಿಸಿ, ಹಿಂಡಿ, ಬಿಸಿಗಾಳಿಯಲ್ಲಿ ಒಣಗಿಸುತ್ತಿದ್ದರು. ಆ ವಾಸನೆ ಕೂದಲಿಗೆ ಹತ್ತಿದರೆ ಎರಡು ಸಲ ಸೀಗೆಪುಡಿ ಹಾಕಿದರೂ ಹೋಗದು. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. 'ನಿಮ್ಮ ಹೊಲದ ಹೂವೇ ಕಣಮ್ಮ ಇದು' ಎಂದು ಒಬ್ಬಾಕೆಗೆ ಬಸ್ಸಿಗೆಲ್ಲ ಕೇಳುವಂತೆ ಹೇಳಿಯೂ ಇದ್ದೆ.

ಬಿಸಿಗಾಳಿ ತಳ್ಳಲು ಎರಡು ಬ್ಲೋವರ್‌ಗಳಿದ್ದವು. ಆಳೆತ್ತರದ ಫ್ಯಾನುಗಳು, ಕಬ್ಬಿಣದ ಅಟ್ಟಣೆಯ ಮೇಲೆ ಅಕ್ಕಪಕ್ಕದಲ್ಲೇ ತಿರುಗುತ್ತಿದ್ದವು. ಮೈಸೂರಿನಿಂದ ಬಂದ ಎಂಜಿನಿಯರುಗಳು ಒಂದೊಂದರ ಬೇರಿಂಗಿನ ಮೇಲೂ ಬೆಂಕಿಪೊಟ್ಟಣದಷ್ಟಿದ್ದ ಸೆನ್ಸರ್ ಕೂರಿಸಿದರು. ಒಳಗೆ ಅಯಸ್ಕಾಂತ, ಇಟ್ಟರೆ ಸಾಕು, ಕಚ್ಚಿಕೊಳ್ಳುತ್ತಿತ್ತು. ಯಂತ್ರದ ನಡುಕ, ಕಾವು ಎಲ್ಲ ಕಲಿತುಕೊಂಡು, ಅದು ಕೆಡುವ ಮುಂಚೆಯೇ ಎಐ ಹೇಳುತ್ತದೆ ಎಂದರು. ನನ್ನ ಪರದೆಯಲ್ಲಿ ಹಸಿರಿದ್ದರೆ ಕ್ಷೇಮ, ಕೆಂಪು ಬಂದರೆ ಬಿಚ್ಚಿ ನೋಡಬೇಕು. ಹಸಿರಿರುವ ಯಂತ್ರವನ್ನು ಯಾರೂ ನಿಲ್ಲಿಸಕೂಡದು ಎಂದು ಮ್ಯಾನೇಜರ್ ಕಟ್ಟಪ್ಪಣೆ ಮಾಡಿದರು.

ಬಿಚ್ಚಿ ನೋಡುವವರು ಫಿಟ್ಟರಣ್ಣ. ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಮದ್ದೂರು ಕಡೆಯವರು, ಇಪ್ಪತ್ತು ವರ್ಷ ಯಂತ್ರಗಳ ಜೊತೆ ಬದುಕಿದವರು. ಒಂದು ಗೀರೂ ಬಿದ್ದಿರದ ಕೈಗಳನ್ನು ಹೊಸದಾಗಿ ಸೇರಿದವರ ಮುಂದೆ ಚಾಚಿ, 'ನೋಡ್ಕಳಿ, ಇದೇ ನನ್ ಸರ್ಟಿಫಿಕೇಟು' ಎನ್ನುತ್ತಿದ್ದರು. ಅಟ್ಟಣೆ ಹತ್ತುವ ಮುಂಚೆ ಹೆಗಲ ಟವೆಲನ್ನು ತೆಗೆದು ಕಂಬಿಗೆ ಹಾಕುವುದನ್ನು ಒಂದು ದಿನವೂ ಮರೆತವರಲ್ಲ.

ಮೊದಲ ವರ್ಷವೇ ಪರದೆ ಒಂದು ಪಂಪು ಕೆಡುವುದನ್ನು ಸರಿಯಾಗಿ ಹೇಳಿತು. ಹೇಳಿದ್ದು ಎಐ, ಕೊಂಬು ಬಂದದ್ದು ನನಗೆ.

ಕೆಟ್ಟದ್ದು ಶುರುವಾದದ್ದು ಆಯುಧಪೂಜೆಯ ದಿನ. ಯಂತ್ರಗಳನ್ನೆಲ್ಲ ನಿಲ್ಲಿಸಿ ತೊಳೆದೆವು. ನೀರು ಹೋಗಬಾರದೆಂದು ಸೆನ್ಸರ್‌ಗಳನ್ನು ಕಿತ್ತು ಸ್ಟೀಲ್ ತಟ್ಟೆಯಲ್ಲಿಟ್ಟವಳು ನಾನೇ. ಅವೂ ಆಯುಧಗಳೇ ತಾನೇ ಎಂದು ಆ ತಟ್ಟೆಯನ್ನೂ ದೇವರ ಪಟದ ಮುಂದಿಟ್ಟೆ. ಪೂಜೆ ಮಾಡಿದವರು ಧಾರಾಳವಾಗಿ ವಿಭೂತಿ, ಕುಂಕುಮ ಬಳಿದರು. ಮಾರನೆಯ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಎರಡು ಸೆನ್ಸರ್‌ಗಳ ಮೇಲೆ ಪೆನ್ನಿನಲ್ಲಿ ಬರೆದಿದ್ದ ನಂಬರು ಅಳಿಸಿಹೋಯಿತು. ಎರಡೂ ಬ್ಲೋವರ್‌ಗಳವು. ಕೆಳಗೆ ಲಾರಿಗಳು ಸಾಲಾಗಿ ನಿಂತಿದ್ದವು, ಮ್ಯಾನೇಜರ್ ಕೂಗುತ್ತಿದ್ದರು. ಇದು ಒಂದನೆಯದರದ್ದೇ ಇರಬೇಕು ಎಂದುಕೊಂಡು ಕೂರಿಸಿಬಿಟ್ಟೆ.

ವಾರ ಕಳೆಯುವುದರಲ್ಲಿ ಎರಡನೇ ಬ್ಲೋವರ್ ಕೆಂಪಾಯಿತು. ಶಿಫ್ಟ್ ಬದಲಾಗುವಾಗ ಎಲ್ಲ ಯಂತ್ರಗಳೂ ನಿಂತ ಹೊತ್ತಿನಲ್ಲಿ ಫಿಟ್ಟರಣ್ಣ ಅದನ್ನು ಬಿಚ್ಚಿದರು. ಬೇರಿಂಗ್ ಹೊಸದರಂತಿತ್ತು. ಮುಚ್ಚಿ ಚಾಲೂ ಮಾಡಿದರು, ಮತ್ತೆ ಕೆಂಪು.

'ಎರಡ್ನೇದು ಚೆಂದಾಗದೆ ಕಣವ್ವ. ಒಂದ್ನೇದ್ರದ್ದೇ ಯಾಕೋ ಸದ್ದು ಬ್ಯಾರೆ ಬತ್ತದೆ' ಎಂದರು.

'ಒಂದನೆಯದು ಹಸಿರಿದೆ ಅಣ್ಣ, ನಿಮ್ಮ ಕಿವಿ ಒಂದ್ಸಲ ತೋರಿಸಿಕೊಂಡು ಬನ್ನಿ' ಎಂದೆ. ಅವರು ನಕ್ಕರು. ಆ ಮಾತು ನೆನಪಾದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಮ್ಯಾನೇಜರ್ ನಗಲಿಲ್ಲ. 'ಸುಳ್ಳು ಹೇಳೋ ಪರದೆಗೆ ಒಬ್ಬರು ಕಾವಲು ಬೇರೆ. ಸೀಸನ್ ಮುಗೀಲಿ, ಈ ಕುರ್ಚಿ ಬೇಕೋ ಬೇಡವೋ ನೋಡೋಣ' ಎಂದರು.

ಎರಡು ದಿನ ನನಗೆ ಊಟ ಇಳಿಯಲಿಲ್ಲ. ಮೂರನೆಯ ದಿನ ಬೆಳಗ್ಗೆ ಫೋನು ಹಿಡಿದುಕೊಂಡು ಅಟ್ಟಣೆ ಹತ್ತಿದೆ. ಪರದೆಯಲ್ಲಿ ಕಾಣುವ ಗೆರೆಗಳೆಲ್ಲ ಫೋನಿನಲ್ಲೂ ಕಾಣುತ್ತಿದ್ದವು. ಒಂದನೇ ಬ್ಲೋವರ್ ಮೇಲಿನ ಸೆನ್ಸರ್ ಅನ್ನು ಕಿತ್ತು ಅಂಗೈಯಲ್ಲಿ ಹಿಡಿದುಕೊಂಡೆ. ಫೋನಿನಲ್ಲಿ ಎರಡನೆಯದರ ಗೆರೆ ಮಲಗಿಬಿಟ್ಟಿತು. ಎರಡನ್ನೂ ನಾನು ಅದಲು ಬದಲಾಗಿ ಕೂರಿಸಿದ್ದೆ. ಕೆಂಪು ಸುಳ್ಳಲ್ಲ. ಕೆಡುತ್ತಿದ್ದದ್ದು ನನ್ನ ಮುಂದೆ ತಿರುಗುತ್ತಿದ್ದ ಈ ಒಂದನೆಯದೇ.

ಆಗಲೇ ಎರಡು ಸೆನ್ಸರ್‌ಗಳನ್ನೂ ಅದಲು ಬದಲು ಮಾಡಿದ್ದರೆ ಕೆಂಪು ಸರಿಯಾದ ಜಾಗಕ್ಕೆ ಬರುತ್ತಿತ್ತು, ಯಂತ್ರ ನಿಲ್ಲುತ್ತಿತ್ತು. ಆದರೆ ಕೆಂಪು ಒಂದರಿಂದ ಇನ್ನೊಂದಕ್ಕೆ ಹಾರಿದ್ದು ಮೈಸೂರಿನ ಎಂಜಿನಿಯರುಗಳಿಗೂ ಅಲ್ಲಿಂದಲೇ ಕಾಣುತ್ತಿತ್ತು, ನನ್ನ ಬಣ್ಣ ಬಯಲಾಗುತ್ತಿತ್ತು. ಕೈಯಲ್ಲಿದ್ದುದನ್ನು ಕಿತ್ತ ಜಾಗದಲ್ಲೇ ಇಟ್ಟು ಇಳಿದು ಬಂದೆ.

ಊಟದ ಹೊತ್ತಿಗೆ ತಡೆಯಲಾಗಲಿಲ್ಲ. ಫಿಟ್ಟರಣ್ಣನಿಗೆ ಎಲ್ಲ ಹೇಳಿಬಿಟ್ಟೆ. ಬೈಯಲಿ ಎಂದು ಕಾದೆ. ಅವರು ಮುದ್ದೆ ಮುರಿದು ಸಾರಿಗೆ ಅದ್ದಿದರು.

'ನಾಕ್ ಗಂಟ್ಗೆ ಶಿಫ್ಟ್ ಬದಲಾಗುವಾಗ ಎಲ್ಲಾ ನಿಲ್ಲುಸ್ತಾರಲ್ಲ, ಗೆರೆ ಎಂಗೂ ಮಲ್ಗಿರ್ತದೆ. ಆಗ ಬೇರಿಂಗೂ ಹಾಕ್ಬುಡ್ತೀನಿ, ನಿನ್ ಡಬ್ಬಿನೂ ಬದಲಾಯಿಸ್ಬುಡನ. ಯಾರ್ಗೂ ಹೇಳ್ಬ್ಯಾಡ, ಓಗು.'

ನನಗೆ ಹೋದ ಜೀವ ಬಂದಂತಾಯಿತು. ಇನ್ನೂ ಎರಡು ಗಂಟೆ ಆ ಬೇರಿಂಗ್ ತಡೆಯುತ್ತದೆಯೇ ಎಂಬ ಯೋಚನೆ ನನಗೆ ಬರಲಿಲ್ಲ. ಅವರಿಗೆ ಬಂತು. ಮೂರೂವರೆಗೆ, ಟವೆಲನ್ನು ಕಂಬಿಗೆ ಹಾಕಿ, ಕಾವು ಎಷ್ಟಿದೆ ನೋಡಲು ಅಟ್ಟಣೆ ಹತ್ತಿದರು. ಯಂತ್ರದ ಒಳಗೆ ಕೈ ಹಾಕಲಿಲ್ಲ, ಬೇರಿಂಗಿನ ಹೊರಮೈ ಮೇಲೆ ಅಂಗೈ ಇಟ್ಟರು, ಅಷ್ಟೇ. ನನ್ನ ಕೋಣೆಯ ಗಾಜಿನ ಕಿಟಕಿಯಿಂದ ನಾನು ಕಣ್ಣಾರೆ ನೋಡಿದ್ದೇನೆ.

ಆಮೇಲಿನ ಸದ್ದಿಗೆ ಕಿಟಕಿ ಅದುರಿತು. ಬೇರಿಂಗ್ ಒಡೆದು, ಬೆಲ್ಟ್ ಹರಿದು, ಅದರ ಮುಚ್ಚಳವನ್ನೂ ಕಿತ್ತುಕೊಂಡು ಹಾರಿತ್ತು. ಅವರ ಬಲಗೈಯ ನಾಲ್ಕು ಬೆರಳು ಹೋಗಿದ್ದವು. ನಾನು ಓಡುವ ಮುಂಚೆ ಪರದೆ ಕಡೆ ತಿರುಗಿದೆ, ಯಾಕೋ ಗೊತ್ತಿಲ್ಲ. ಒಂದನೇ ಬ್ಲೋವರ್ ಹಸಿರಾಗಿತ್ತು.

ಅವರನ್ನು ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಜೀಪಿಗೆ ಎತ್ತುವಾಗಲೂ ನನ್ನ ಕಡೆ ನೋಡಿ ಹೇಳಬೇಡವೆಂಬಂತೆ ತಲೆಯಾಡಿಸಿದರು.

ನಾಲ್ಕನೆಯ ದಿನ ಮೇಲಿನ ಆಫೀಸಿನವರೊಬ್ಬರು ವಿಚಾರಣೆಗೆ ಬಂದರು. ಒಂದನೇ ಬ್ಲೋವರ್ ಮೇಲಿದ್ದ ಸೆನ್ಸರ್ ಚೂರುಚೂರಾಗಿತ್ತು, ಅದಲು ಬದಲಾದದ್ದನ್ನು ಹುಡುಕಲು ಯಾರಿಗೂ ತೋಚಲಿಲ್ಲ.

'ಬಿಚ್ಚಿ ನೋಡುವ ಆದೇಶ ಇದ್ದದ್ದು ಎರಡನೇ ಬ್ಲೋವರ್‌ಗೆ. ಹಸಿರಿದ್ದ ಒಂದನೆಯದರ ಹತ್ತಿರ ಅವರು ಯಾಕೆ ಹೋದರು?' ಎಂದು ನನ್ನನ್ನು ಕೇಳಿದರು.

'ಗೊತ್ತಿಲ್ಲ ಸಾರ್' ಎಂದೆ.

ಕೆಲಸಗಾರನ ಅಜಾಗರೂಕತೆಯಿಂದ ಆದ ಅಪಘಾತ ಎಂದು ಬರೆದರು. ಸಾಕ್ಷಿ ಎಂಬಲ್ಲಿ ಸಹಿ ಮಾಡಿದೆ. ಕುರ್ಚಿ ಉಳಿಯಿತು.

ಆಸ್ಪತ್ರೆಗೆ ಹೋದದ್ದು ಅದಾದ ಮೇಲೆ. ಎಡಗೈಯಲ್ಲಿ ಟೀ ಲೋಟ ಹಿಡಿಯಲು ಕಲಿಯುತ್ತಿದ್ದರು, ಹಾಸಿಗೆಯ ಮೇಲೆಲ್ಲ ಚೆಲ್ಲಿತ್ತು.

'ಏನಂತ ಬರ್ದವ್ರೆ?' ಎಂದು ಕೇಳಿದರು.

ಹೇಳಿದೆ. ಅವರು ಲೋಟವನ್ನು ಪಕ್ಕಕ್ಕಿಟ್ಟರು. ಆಮೇಲೆ ಮಕ್ಕಳು ಕೇಳುವ ಹಾಗೆ ಕೇಳಿದರು: 'ನಾನ್ ಯಾವತ್ತೂ ಅಂಗೆ ಕೆಲ್ಸ ಮಾಡ್ದೋನಲ್ಲ. ನಿಂಗ್ ಗೊತ್ತಲ್ವಾ ಕಣವ್ವ?'

'ಗೊತ್ತು ಅಣ್ಣ' ಎಂದೆ. ಆ ಮಾತನ್ನು ಅವರೊಬ್ಬರನ್ನು ಬಿಟ್ಟು ಇನ್ಯಾರಿಗೂ ನಾನು ಹೇಳಿಲ್ಲ.