ಖಾಲಿ ಮನೆಗೊಂದು ನೋಟೀಸು

ಖಾಲಿ ಮನೆಗೆ ಅದರದೇ ಆದ ಒಂದು ಚಳಿಯಿರುತ್ತದೆ. ಹೊರಗೆ ಎಳೆಬಿಸಿಲಿದ್ದರೂ, ಜನ ಬಿಟ್ಟುಹೋದ ಮನೆಯ ಬಾಗಿಲು ತೆರೆದೊಡನೆ ಅದು ಮೊದಲು ಪಾದಕ್ಕೆ, ಆಮೇಲೆ ಕತ್ತಿನ ಹಿಂಭಾಗಕ್ಕೆ ತಗಲುತ್ತದೆ. ನಾವು ಬಂದು ನೆಲೆಸಿರುವ ಈ ಪರದೇಶದ ಸ್ಯಾನ್ ರಮೋನ್‌ನಲ್ಲಿರುವ ನಮ್ಮ ಹಳೆಯ ಮನೆಯನ್ನು ಬಾಡಿಗೆಗೆ ಕೊಟ್ಟು, ಬಾಡಿಗೆದಾರರು ಬದಲಾಗುವ ಸಂಧಿಕಾಲಗಳಲ್ಲಿ ಅದರ ಯೋಗಕ್ಷೇಮ ವಿಚಾರಿಸುತ್ತ ನಾನು ಸಂಪಾದಿಸಿದ ಜ್ಞಾನ ಇಷ್ಟೇ. ಆದ್ದರಿಂದಲೇ ಹೋದ ಚಳಿಗಾಲದ ಒಂದು ಶನಿವಾರ ಸಂಜೆ ಬೀಗ ತೆಗೆದು ಒಳಗೆ ಕಾಲಿಟ್ಟಾಗ ಮನೆ ಬೆಚ್ಚಗಿದ್ದುದು ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಮನೆಯೊಡೆಯನೆಂಬ ಪದವಿ ನನಗೆ ಒಗ್ಗಿದ್ದಲ್ಲ. ಬಾಲ್ಯವಿಡೀ ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಕಳೆದ ನಾನು, ಗೋಡೆಗೊಂದು ಮೊಳೆ ಹೊಡೆದ ಸದ್ದಿಗೆ ಮಹಡಿಯಿಂದ ಇಳಿದುಬರುತ್ತಿದ್ದ ಮಾಲೀಕರನ್ನೆಲ್ಲ ಯಮದೂತರ ಪಂಕ್ತಿಯಲ್ಲಿ ಕೂರಿಸಿದವನು. ಅವರಂತಾಗಬಾರದೆಂಬ ಹಟದಲ್ಲಿ ಕೆಲವು ವ್ರತಗಳನ್ನು ಹಿಡಿದಿದ್ದೇನೆ; ನಿಮಗೂ ಇಂಥದೊಂದು ಮನೆಯಿದ್ದರೆ ಉಪಯೋಗಕ್ಕೆ ಬಂದೀತು. ಮನೆ ಖಾಲಿಯಿದ್ದಾಗ ವಾರಕ್ಕೊಮ್ಮೆ ಹೋಗಿ ಪ್ರತಿ ಸಿಂಕಿಗೂ ಬಚ್ಚಲಿಗೂ ಒಂದೊಂದು ಚೊಂಬು ನೀರು ಹೊಯ್ಯಬೇಕು. ಕೊಳವೆಯ ಬಾಗಿನಲ್ಲಿ ನಿಂತ ನೀರು ಆರಿದರೆ ಚರಂಡಿಯ ವಾಸನೆ ಮೇಲೇರಿ ಬಾಡಿಗೆ ಕೊಡದೆ ಸಂಸಾರ ಹೂಡುತ್ತದೆ. ಮನೆಯನ್ನು ಬೆಚ್ಚಗಿಡುವ ಫರ್ನೇಸಿನ ಫಿಲ್ಟರು ಬದಲಿಸಬೇಕು, ಮಳೆಗೆ ಮುಂಚೆ ಸೂರಂಚಿನ ಗಟರಿನಲ್ಲಿ ಕೂತ ಎಲೆ ತೆಗೆಸಬೇಕು. ಎಲ್ಲಕ್ಕಿಂತ ಮುಖ್ಯ, ಜನರಿರುವ ಮನೆಗೆ ಮೊದಲೇ ನೋಟೀಸು ಕೊಡದೆ ಕಾಲಿಡಬಾರದು. ಅದು ಇಲ್ಲಿಯ ಕಾನೂನೂ ಹೌದು. ನನ್ನ ಪಾಲಿಗಂತೂ ಬಹುಮಟ್ಟಿಗೆ ಸಂಧ್ಯಾವಂದನೆ. ತೊಟ್ಟಿಕ್ಕುವ ನಲ್ಲಿಯನ್ನು ನೋಡಲು ಹೋಗುವಾಗಲೂ ದಿನ, ವೇಳೆ, ಉದ್ದೇಶಗಳನ್ನು ವಿಧಿವತ್ತಾಗಿ ಬರೆದು ಕಳಿಸುತ್ತೇನೆ. ನನ್ನ ಹೆಂಡತಿ ಅವುಗಳನ್ನು ಲಗ್ನಪತ್ರಿಕೆ ಎನ್ನುತ್ತಾಳೆ.

ಆ ಮನೆಯಲ್ಲಿ ಅಲ್ಲಿಯವರೆಗೆ ಇದ್ದವರು ಮೈಸೂರಿನ ಮೂರ್ತಿ ಮತ್ತು ಅವರ ಹೆಂಡತಿ ಶಾರದಾ. ಮೂರ್ತಿ ಅಲ್ಲೇ ಹತ್ತಿರದ ಆಫೀಸೊಂದರಲ್ಲಿ ಎಂಜಿನಿಯರು. ಚಳಿ ಶುರುವಾಗುವ ಮುನ್ನ ಶಾರದಾ ಕಾಯಿಲೆಯಿಂದ ಆ ಮನೆಯ ಹಿಂದಿನ ಕೋಣೆಯಲ್ಲೇ ತೀರಿಕೊಂಡರು. ತೀರಿಕೊಂಡ ನಕ್ಷತ್ರ ಒಳ್ಳೆಯದಲ್ಲ, ಆರು ತಿಂಗಳು ಮನೆ ಬಿಡಬೇಕು, ಹೊಸ್ತಿಲು ಕೂಡ ತುಳಿಯಬಾರದು ಎಂದು ಪುರೋಹಿತರು ವಿಧಿಸಿದ್ದರಿಂದ ಮೂರ್ತಿ ಮನೆ ತೆರವು ಮಾಡಿ ವಾಲ್ನಟ್ ಕ್ರೀಕ್‌ನಲ್ಲಿರುವ ಮಗಳ ಮನೆ ಸೇರಿದ್ದರು. ಮುಂದಿನ ಒಂದನೇ ತಾರೀಖಿಗೆ ಧಾರವಾಡದ ಎಳೆಯ ಜೋಡಿಯೊಂದು ಕೈಗೂಸಿನೊಡನೆ ಬರುವುದೆಂದು ನಿಶ್ಚಯವಾಗಿತ್ತು. ಸಾವಿನ ಸಂಗತಿಯನ್ನು ಮುಚ್ಚಿಡಬಾರದೆಂಬ ಕಾನೂನಿಗೆ ತಲೆಬಾಗಿ ಅವರಿಗೆ ಹೇಳಿಯೂ ಇದ್ದೆ. "ಎಲ್ಲ್ಯರೆ ಒಂದ್ ಕಡೆ ಸಾಯಬೇಕಲ್ರಿ ಮನಷ್ಯಾ," ಎಂದು ಆ ಹುಡುಗ ನಕ್ಕಿದ್ದ. ಕೂಸನ್ನು ಮಲಗಿಸಲು ಅವರು ಆರಿಸಿಕೊಂಡದ್ದು ಅದೇ ಹಿಂದಿನ ಕೋಣೆ.

ಆ ಮೊದಲ ಶನಿವಾರ, ಫರ್ನೇಸನ್ನು ನಾನೇ ಆರಿಸಲು ಮರೆತಿರಬೇಕೆಂದುಕೊಂಡು ಆರಿಸಿ ಬಂದೆ. ಮರೆವು ನನ್ನ ಹಳೆಯ ಒಡನಾಡಿಯಾದ್ದರಿಂದ ಆಶ್ಚರ್ಯವಾಗಲಿಲ್ಲ. ಮರುವಾರ ಹೋದರೆ ಮನೆ ಮತ್ತೆ ಬೆಚ್ಚಗಿತ್ತು. ಹಜಾರದ ದೀಪವೂ ಉರಿಯುತ್ತಿತ್ತು. ನಾನು ದೆವ್ವಗಳನ್ನು ನಂಬುವವನಲ್ಲ. ಆದರೆ ಅವು ನನ್ನನ್ನು ನಂಬಿ ಎದುರಿಗೆ ಬಂದು ನಿಂತರೆ ಹೇಗೆ ನಡೆದುಕೊಳ್ಳಬೇಕೆಂಬ ಬಗ್ಗೆ ಯಾವ ಪೂರ್ವಸಿದ್ಧತೆಯೂ ಇಲ್ಲದವನು. ಕಿಟಕಿಗಳ ಚಿಲಕ ನೋಡಿದೆ, ಕಪಾಟುಗಳನ್ನು ತೆರೆದೆ. ಹಿಂದಿನ ಕೋಣೆಯ ಕಪಾಟನ್ನು ತೆರೆಯುವ ಮುಂಚೆ ಕೆಮ್ಮಿದೆನೆಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಮೂರನೆಯ ಸಲ ಹೋದಾಗ ಕತ್ತಲಾಗುತ್ತ ಬಂದಿತ್ತು. ಬಚ್ಚಲಿಗೆ ನೀರು ಹೊಯ್ದು ಹಜಾರಕ್ಕೆ ಬರುವಷ್ಟರಲ್ಲಿ ಚಾವಣಿಯ ದೀಪ ತಾನಾಗಿ ಹೊತ್ತಿತು. ಮನೆಯ ಬಿಸಿ ಎಷ್ಟಿರಬೇಕೆಂದು ಫರ್ನೇಸಿಗೆ ಅಪ್ಪಣೆ ಕೊಡುವ, ಗೋಡೆಯ ಮೇಲಿನ ಥರ್ಮೋಸ್ಟಾಟಿನ ಕಪ್ಪು ಮುಖಕ್ಕೆ ಎಚ್ಚರವಾಯಿತು. ಅದರ ಅಂಕಿ ನನ್ನ ಕಣ್ಣೆದುರಿಗೇ ಒಂದೊಂದಾಗಿ ಏರಿತು. ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಕ್ಷಣಕಾಲ ತಡೆದು, ಇಷ್ಟು ಸಾಲದೆಂದು ಯಾರೋ ಕೇಳಿಕೊಂಡಂತೆ ಎಪ್ಪತ್ತೆರಡಕ್ಕೆ ಹೋಗಿ ನಿಂತಿತು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಗೋಡೆಯೊಳಗೆ ಫರ್ನೇಸು ಒಮ್ಮೆ ನಿಟ್ಟುಸಿರಿಟ್ಟು ಶುರುವಾಯಿತು. ನೆಲದ ಜಾಲರಿಯಿಂದ ಬಿಸಿಗಾಳಿ ಬಂದು ನನ್ನ ಕಾಲುಗಳನ್ನು ಸುತ್ತಿಕೊಂಡಿತು. ಚೊಂಬನ್ನು ಅಲ್ಲೇ ಬಿಟ್ಟೆ. ಕಾರಿನಲ್ಲಿ ಕೂತ ಮೇಲೆ ಚಪ್ಪಲಿಯನ್ನೂ ಬಿಟ್ಟು ಬಂದಿದ್ದೇನೆಂದು ತಿಳಿಯಿತು.

ನನ್ನ ಹೆಂಡತಿ ಬರಿಗಾಲನ್ನೂ ಮುಖವನ್ನೂ ನೋಡಿ, ಎಲ್ಲವನ್ನೂ ಕೇಳಿಸಿಕೊಂಡು, "ದೆವ್ವಕ್ಕೆ ವೈಫೈ ಯಾಕ್ರೀ ಬೇಕು?" ಎಂದಳು. "ಆ ಥರ್ಮೋಸ್ಟಾಟು, ಲೈಟು ಎಲ್ಲಾ ಫೋನಿಂದ ನಡೆಯೋದು ತಾನೇ? ಮೂರ್ತಿಯವರ ಅಕೌಂಟು ತೆಗೆಸಿದ್ರಾ?" ತೆಗೆಸಿರಲಿಲ್ಲ. ಇಂಟರ್ನೆಟ್ಟು ನನ್ನ ಹೆಸರಿನಲ್ಲೇ ಇದ್ದುದರಿಂದ ಅದೂ ಕಡಿದಿರಲಿಲ್ಲ. ಮುಂಬಾಗಿಲಿನ, ಗರಾಜಿನ, ಅಂಚೆಪೆಟ್ಟಿಗೆಯ ಬೀಗದ ಕೈಗಳನ್ನು ಎಣಿಸಿ ವಾಪಸು ಪಡೆದಿದ್ದ ನಾನು ಕಣ್ಣಿಗೆ ಕಾಣದ ಈ ಬೀಗದ ಕೈಯನ್ನು ಮರೆತಿದ್ದೆ. ಮನೆ ಬಾಡಿಗೆಗೆ ಕೊಡುವವರಿಗೆ ಈ ಪ್ರಬಂಧದಿಂದ ಲೌಕಿಕ ಪ್ರಯೋಜನವೇನಾದರೂ ಇದ್ದರೆ ಅದು ಇಷ್ಟೇ. ನೆಮ್ಮದಿಯಾಗಿ ಮೂರ್ತಿಗೆ ಫೋನು ಮಾಡಿದೆ.

"ನಾನೇ ಸಾರ್," ಎಂದರು ಅವರು, ಯಾವ ಸಂಕೋಚವೂ ಇಲ್ಲದೆ. "ದಿನಾ ದೀಪ ಹಚ್ಚೋ ಹೊತ್ತಿಗೆ ಹಾಕ್ತೀನಿ, ಬೆಳಗಾದ್ರೆ ಆರಿಸ್ತೀನಿ. ಮನೆ ಬಿಡಿ ಅಂದ್ರು, ನಾವು ಬಿಟ್ವಿ. ಅವಳಿಗೆ ಯಾರು ಹೇಳಿದಾರೆ? ಅವಳು ಇನ್ನೂ ಅಲ್ಲೇ ಇದ್ರೆ? ಕತ್ತಲು ಅಂದ್ರೆ ಆಗದು ಅವಳಿಗೆ. ಚಳಿಯಂತೂ ತಡಿಯೋಳೇ ಅಲ್ಲ. ಎಪ್ಪತ್ತಕ್ಕಿಟ್ರೆ, ಇನ್ನೊಂದೆರಡು ಜಾಸ್ತಿ ಮಾಡ್ರೀ ಅನ್ನೋಳು."

ನನ್ನ ಭಯ ಹೋಗಲಿಲ್ಲ. ಅದರ ಪಕ್ಕದಲ್ಲಿ ದುಃಖವೂ ಬಂದು ಕೂತಿತು. ಅವರ ಅಕೌಂಟನ್ನು ನಾನೇ ಒಂದು ಗುಂಡಿ ಒತ್ತಿ ಅಳಿಸಬಹುದಿತ್ತು. ಆದರೆ ಅವರ ಲೆಕ್ಕದಲ್ಲಿ ಅದು ಒಬ್ಬ ಹೆಂಗಸನ್ನು ಚಳಿಗೂ ಕತ್ತಲೆಗೂ ನೂಕಿದಂತೆ. ಹಾಗೆಂದು, ಕೂಸು ಮಲಗುವ ಕೋಣೆಯ ಬಿಸಿಯನ್ನು ಊರಾಚೆಯ ಕೈಯೊಂದು ಏರಿಸುತ್ತಿರುವುದೂ ಸಲ್ಲದು. ಒಂದನೇ ತಾರೀಖಿನ ವಿಷಯವನ್ನು ಆದಷ್ಟು ಮೆತ್ತಗೆ ತಿಳಿಸಿದೆ.

"ನಿಲ್ಲಿಸ್ತೀನಿ ಸಾರ್," ಎಂದರು. "ಹೇಳದೆ ನಿಲ್ಲಿಸಿದ್ರೆ ಇವರೂ ನನ್ನ ಬಿಟ್ಟುಬಿಟ್ರು ಅಂದ್ಕೋತಾಳೆ. ನಾನು ಬರೋ ಹಾಗಿಲ್ಲ. ನೀವು ಎಲ್ಲದಕ್ಕೂ ನೋಟೀಸು ಕೊಡೋರು. ಅವಳಿಗೂ ಒಂದು ಮಾತು ಹೇಳಿಬಿಡಿ. ಆಮೇಲೆ ತೆಗೀತೀನಿ."

ಮರುಸಂಜೆ ಹೋದೆ. ನನ್ನದೇ ಮನೆಯ ಬಾಗಿಲನ್ನು ತಟ್ಟಿ, ಸಭ್ಯತೆಗೆ ತಕ್ಕಷ್ಟು ಹೊತ್ತು ಕಾದು, ಬೀಗ ತೆಗೆದೆ. ದೀಪ ಉರಿಯುತ್ತಿತ್ತು, ಫರ್ನೇಸು ಗುನುಗುತ್ತಿತ್ತು. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಇಂಗ್ಲಿಷ್ ವಾಕ್ಯಗಳು ಹಿಂದಿನ ಕೋಣೆಯ ಬಾಗಿಲಲ್ಲಿ ಕೈಕೊಟ್ಟವು. ಬರಿಯ ಕಾರ್ಪೆಟ್ಟನ್ನು ನೋಡುತ್ತ, "ಶಾರದಮ್ಮನವರೇ," ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. "ಒಂದನೇ ತಾರೀಖಿಗೆ ಬೇರೆಯವರು ಬರ್ತಾರೆ. ಕೈಗೂಸಿದೆ. ನಿಮ್ಮ ಯಜಮಾನ್ರು ಮಗಳ ಮನೇಲಿದಾರೆ, ವಾಲ್ನಟ್ ಕ್ರೀಕ್‌ನಲ್ಲಿ. ಅವರು ಇಲ್ಲಿಗೆ ಬರೋ ಹಾಗಿಲ್ಲ, ನೀವೇ ಅಲ್ಲಿಗೆ ಹೋಗ್ಬೇಕು. ಫ್ರೀವೇ ಹಿಡಿದು ನೇರ ಉತ್ತರಕ್ಕೆ. ಅಲ್ಲೂ ಬೆಚ್ಚಗಿದೆ." ಪುರೋಹಿತರು ಕೇಳಿಸಿಕೊಂಡಿದ್ದರೆ ನನಗೇ ಒಂದು ಶಾಂತಿ ಮಾಡಿಸುತ್ತಿದ್ದರೇನೋ. ಅಲ್ಲಿಂದ ಕದಲದೆ ಮೂರ್ತಿಗೆ ಫೋನು ಮಾಡಿ, ಹೇಳಿದೆನೆಂದು ತಿಳಿಸಿದೆ.

ಅವರು, "ಏನಂದಳು?" ಎಂದರು.

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಸುಳ್ಳು ಹೇಳಲು ನಾಲಗೆ ಏಳಲಿಲ್ಲ. ಏನೂ ಅನ್ನಲಿಲ್ಲ ಎನ್ನಲು ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಗೋಡೆಯೊಳಗಿನ ಫರ್ನೇಸು ನಿಂತಿತು. ಬೇಕಾದಷ್ಟು ಬಿಸಿಯಾದರೆ ಅದು ತಾನಾಗಿ ನಿಲ್ಲುತ್ತದೆಂಬುದು ನನಗೆ ಚೆನ್ನಾಗಿ ಗೊತ್ತು. ಮೂರ್ತಿಯ ಫೋನು ಅವರ ಕಿವಿಯಲ್ಲಿತ್ತು, ಆರಿಸಿದವರು ಅವರಲ್ಲವೆಂಬುದೂ ಗೊತ್ತು. ಜಾಲರಿಯ ಗಾಳಿ ಅಡಗಿತು; ದೂರದ ಫ್ರೀವೇಯಲ್ಲಿ ಉತ್ತರಕ್ಕೆ ಹೋಗುವ ಕಾರುಗಳ ಸದ್ದು ಆ ಕೋಣೆಯೊಳಕ್ಕೆ ಕೇಳತೊಡಗಿತು.

"ಹೊರಟ್ರು," ಎಂದೆ.